ಬ್ಯಾಂಕಿನ ಸಾಲಕ್ಕೆ ವಿಮೆ, ಅಂಗಡಿಕಾರನಿಗೆ ಚಂದಾ

ಬೈಲಹೊಂಗಲ ತಾಲೂಕಿನ ನೇಸರಗಿ ದೊಡ್ಡ ಪಟ್ಟಣವೇನೂ ಅಲ್ಲ. ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ ಮಾರ್ಗವಾಗಿ ಬಾಗಲಕೋಟೆಗೆ ಹೋಗುವ ರಸ್ತೆ ಈ ಊರನ್ನು ಹಾದುಹೋಗುತ್ತದೆ. ಇಂತಹ ಊರುಗಳ ಪೇಟೆ ನಮಗೆಲ್ಲ ಪರಿಚಿತ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಬೀಜ-ಗೊಬ್ಬರದ ಅಂಗಡಿ, ವೆಲ್ಡಿಂಗ್ ಶೆಡ್ಡು, ಟೈರ್ ಪಂಕ್ಚರ್ ತಿದ್ದುವವನು, ಬಟ್ಟೆ ಅಂಗಡಿ, ಬೇಕರಿ, ಖಾನಾವಳಿ, ಬಾಡಿಗೆಗೆ ಓಡುವ ಟಂಟಂ. ಸುತ್ತಲಿನ ಹಳ್ಳಿಗಳ ರೈತನಿಗೆ ಬಿತ್ತನೆಯಿಂದ ಸುಗ್ಗಿಯವರೆಗೆ ಉದ್ರಿ ಕೊಟ್ಟು ಕಾಯುವವರು ಇವರೇ. ರೈತನ ಮನೆಯ ಮದುವೆಗೆ ಬಟ್ಟೆ ಕೊಡುವವರೂ, ಅವನ ನೇಗಿಲು-ಕುಂಟೆ ರಿಪೇರಿ ಮಾಡುವವರೂ ಇವರೇ.

ಈ ಪೇಟೆಯ ಒಂದು ಅಂಗಡಿಗೆ ರಾತ್ರಿ ಬೆಂಕಿ ಬಿದ್ದರೆ ಬೆಳಿಗ್ಗೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. ಊರ ಹಿರಿಯರು ಬರುತ್ತಾರೆ, ರಾಜಕಾರಣಿಗಳು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಮಠದಿಂದಲೋ ಜಮಾಅತಿನಿಂದಲೋ ಸ್ನೇಹಿತರಿಂದಲೋ ಚಂದಾ ಎತ್ತಲಾಗುತ್ತದೆ. ತಿಂಗಳು ಕಳೆಯುವುದರೊಳಗೆ ಸಾಲದ ನೋಟಿಸು ಬರುತ್ತದೆ. ಆಗ ಯಾರೋ ಒಬ್ಬರು ಕೇಳುತ್ತಾರೆ: "ಅಲ್ಲಪಾ, ಇನ್ಶೂರೆನ್ಸ್ ಇರಲಿಲ್ಲೇನು?"

ಈ ಪ್ರಶ್ನೆಯನ್ನು ಬೆಂಕಿ ಬೀಳುವ ಮೊದಲೇ ಕೇಳಬೇಕು ಎಂಬುದು ನಮ್ಮ ವಾದ. ಅದನ್ನು ಅಂಗಡಿಕಾರನೊಬ್ಬನಿಗೇ ಕೇಳಿದರೆ ಸಾಲದು. ಬ್ಯಾಂಕಿಗೆ, ವಿಮಾ ಕಂಪನಿಗೆ, ಸರ್ಕಾರಕ್ಕೆ ಮತ್ತು ನಮ್ಮ ಸಮಾಜದ ಮುಖಂಡರಿಗೂ ಕೇಳಬೇಕು. ಯಾಕೆಂದರೆ ನಮ್ಮ ಪೇಟೆಗಳಲ್ಲಿ ವಿಮೆ ಎಂಬ ಹೆಸರಿನಲ್ಲಿ ಇರುವುದು ಬಹುಪಾಲು ಸಾಲದ ವಿಮೆ. ಆ ಸಾಲವನ್ನು ತೀರಿಸುವ ಮನುಷ್ಯನ ಬದುಕು ಅದರ ಲೆಕ್ಕದಲ್ಲೇ ಇಲ್ಲ.

ಕಾಣದ ಕಾಗದ

2015ರ ಏಪ್ರಿಲ್ 8ರಂದು ಆರಂಭವಾದ ಮುದ್ರಾ ಯೋಜನೆ ಸಣ್ಣ ವ್ಯಾಪಾರಿಗೆ ಅಡಮಾನವಿಲ್ಲದೆ 10 ಲಕ್ಷ ರೂಪಾಯಿವರೆಗೆ ಸಾಲ ಕೊಡುವ ಭರವಸೆ ನೀಡಿತು. 2024ರಲ್ಲಿ, ಹಿಂದಿನ ಸಾಲ ತೀರಿಸಿದವರಿಗೆ ಈ ಮಿತಿಯನ್ನು 20 ಲಕ್ಷಕ್ಕೆ ಏರಿಸಲಾಯಿತು. ಇಂತಹ ಸಾಲ ಕೊಡುವಾಗ ಬ್ಯಾಂಕು ಅಂಗಡಿಯ ದಾಸ್ತಾನಿಗೆ ಒಂದು ಪಾಲಿಸಿ ಮಾಡಿಸುತ್ತದೆ. ಕಂತನ್ನು ಖಾತೆಯಿಂದಲೇ ಮುರಿದುಕೊಳ್ಳುತ್ತದೆ. ಪಾಲಿಸಿಯಲ್ಲಿ ಬ್ಯಾಂಕಿನ ಹಕ್ಕಿನ ಷರತ್ತು ಇರುತ್ತದೆ, ಅಂದರೆ ನಷ್ಟವಾದರೆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಸಾಲ ಕೊಟ್ಟವನು ತನ್ನ ಹಣವನ್ನು ರಕ್ಷಿಸಿಕೊಳ್ಳುವುದು ತಪ್ಪಲ್ಲ. ಆದರೆ ಕಂತು ಕಟ್ಟುವವನು ಅಂಗಡಿಕಾರ. ಅವನ ಕೈಗೆ ಪಾಲಿಸಿಯ ಪ್ರತಿ ಬಂದಿದೆಯೇ? ಅದರಲ್ಲಿ ಬರೆದಿರುವುದನ್ನು ಯಾರಾದರೂ ಅವನಿಗೆ ಕನ್ನಡದಲ್ಲಿ ಓದಿ ಹೇಳಿದ್ದಾರೆಯೇ?

ಇಂತಹ ಪಾಲಿಸಿಗಳಲ್ಲಿ ಮೂರು ಕಡೆ ಎಡವಟ್ಟು ಆಗುತ್ತದೆ. ಮೊದಲನೆಯದು ವಿಳಾಸ. ಅಂಗಡಿ ಒಂದು ಓಣಿಯಲ್ಲಿ, ಗೋದಾಮು ಇನ್ನೊಂದು ಓಣಿಯಲ್ಲಿ ಇರುತ್ತದೆ. ಪಾಲಿಸಿಯಲ್ಲಿ ಒಂದೇ ವಿಳಾಸ ಇದ್ದರೆ ಇನ್ನೊಂದು ಕಡೆಯ ಸರಕಿಗೆ ಬೆಂಕಿ ಬಿದ್ದಾಗ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಎರಡನೆಯದು ಮೊತ್ತ. ಸಾಲ 5 ಲಕ್ಷ ಎಂದು ವಿಮೆಯನ್ನೂ 5 ಲಕ್ಷಕ್ಕೇ ಮಾಡಿಸುತ್ತಾರೆ. ಅಂಗಡಿಯಲ್ಲಿ ಇರುವ ಸರಕು 10 ಲಕ್ಷದ್ದು. ಅದರಲ್ಲಿ 4 ಲಕ್ಷದ ಸರಕು ಸುಟ್ಟುಹೋಯಿತು ಎಂದಿಟ್ಟುಕೊಳ್ಳಿ. ವಿಮೆ 5 ಲಕ್ಷಕ್ಕೆ ಇದೆಯಲ್ಲ, 4 ಲಕ್ಷ ಪೂರ್ತಿ ಸಿಗುತ್ತದೆ ಎಂದು ಅಂಗಡಿಕಾರ ಭಾವಿಸುತ್ತಾನೆ. ಕಂಪನಿಯ ಲೆಕ್ಕ ಬೇರೆ. ಅರ್ಧ ಸರಕಿಗೆ ಮಾತ್ರ ವಿಮೆ ಮಾಡಿಸಿದ್ದೀರಿ, ಆದ್ದರಿಂದ ನಷ್ಟದ ಅರ್ಧ ಮಾತ್ರ ಕೊಡುತ್ತೇವೆ ಎಂದು 2 ಲಕ್ಷ ಕೊಡುತ್ತದೆ. ಉಳಿದ 2 ಲಕ್ಷ ಅವನ ಹಣೆಬರಹ. ಮೂರನೆಯದು ವ್ಯಾಪಾರದ ವಿವರ. ಕಾಗದದಲ್ಲಿ 'ಕಿರಾಣಿ' ಎಂದು ಇರುತ್ತದೆ. ಅಂಗಡಿಯ ಮೂಲೆಯಲ್ಲಿ ಬಾಟಲಿಗಳಲ್ಲಿ ಪೆಟ್ರೋಲು, ದೀಪಾವಳಿಗೆ ತಂದ ಪಟಾಕಿ ಇರುತ್ತವೆ. ಅದೇ ಕಂಪನಿಗೆ ನೆಪವಾಗುತ್ತದೆ.

ಇನ್ನು ಭಾಷೆ. ಪಾಲಿಸಿದಾರರ ಹಿತರಕ್ಷಣೆಗೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2002ರಲ್ಲೇ ಮಾಡಿದ ನಿಯಮಗಳಲ್ಲಿ, ನಮೂನೆಗಳನ್ನು ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಒದಗಿಸಬಹುದು ಎಂಬ ಮಾತಿತ್ತು. ಅದು 'ಒದಗಿಸಬಹುದು' ಎಂದಿತೇ ಹೊರತು 'ಒದಗಿಸಬೇಕು' ಎನ್ನಲಿಲ್ಲ. ಆ ಒಂದು ಕ್ರಿಯಾಪದದ ಸಂದಿಯಲ್ಲಿ ಕಂಪನಿಗಳು ನುಸುಳಿಕೊಂಡವು. ಕನ್ನಡದಲ್ಲಿ ಜಾಹೀರಾತು ಕೊಟ್ಟು, ಕನ್ನಡದಲ್ಲಿ ಮಾತಾಡಿ ಪಾಲಿಸಿ ಮಾರುವ ಕಂಪನಿಗೆ ಷರತ್ತುಗಳನ್ನು ಮಾತ್ರ ಕನ್ನಡದಲ್ಲಿ ಮುದ್ರಿಸಲು ಏನು ಕಷ್ಟ? ಕಂತು ಕಟ್ಟುವಾಗ ಅರ್ಥವಾದ ಭಾಷೆ ಪರಿಹಾರ ಕೇಳುವಾಗ ಯಾಕೆ ಅರ್ಥವಾಗಬಾರದು?

ಯಾವ ಅಪಾಯಕ್ಕೆ ಯಾವ ವಿಮೆ

"ಸಣ್ಣ ಅಂಗಡಿಗೆ ಎಂಥಾ ವಿಮೆ?" ಎಂದು ಕೇಳುವವರು ಇನ್ನೂ ಇದ್ದಾರೆ. ದೊಡ್ಡ ಅಂಗಡಿಯವನಿಗೆ ಒಂದು ಅಂಗಡಿ ಸುಟ್ಟರೆ ಇನ್ನೊಂದಿರುತ್ತದೆ. ಸಣ್ಣವನಿಗೆ ಇರುವುದು ಒಂದೇ. ವಿಮೆ ಹೆಚ್ಚು ಬೇಕಾದವನು ಅವನೇ. ಆದ್ದರಿಂದ ಏಜೆಂಟರ ಮಾತಿನ ಅಬ್ಬರ ಬದಿಗಿಟ್ಟು, ಯಾವುದು ಮೊದಲು ಬೇಕು, ಯಾವುದು ಆಮೇಲೆ ಎಂದು ನೋಡೋಣ.

ಮೊದಲನೆಯದು ಅಂಗಡಿ ಮತ್ತು ಸರಕಿನ ವಿಮೆ. 2021ರ ಏಪ್ರಿಲ್ 1ರಿಂದ ಪ್ರಾಧಿಕಾರವು 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿದೆ. ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ ಇರುವ ಉದ್ಯಮಗಳಿಗೆ ಇದು ಅನ್ವಯಿಸುತ್ತದೆ. ನೇಸರಗಿಯಂತಹ ಪೇಟೆಯ ಅಂಗಡಿಗಳೆಲ್ಲ ಇದರೊಳಗೇ ಬರುತ್ತವೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಗಲಭೆ, ಮುಷ್ಕರ, ದುರುದ್ದೇಶದ ಹಾನಿ ಎಲ್ಲವೂ ಇದರಲ್ಲಿ ಸೇರಿವೆ. ವಿಮೆಯ ಮೊತ್ತ ಆಸ್ತಿಯ ಬೆಲೆಗಿಂತ ಶೇ. 15ರವರೆಗೆ ಕಡಿಮೆ ಇದ್ದರೂ ಪರಿಹಾರದಲ್ಲಿ ಕಡಿತ ಮಾಡುವಂತಿಲ್ಲ. ಇದು ಒಳ್ಳೆಯ ಪಾಲಿಸಿ ಎಂದು ಹೇಳಲು ನಮಗೆ ಸಂಕೋಚವಿಲ್ಲ. ಇದರ ಹೆಸರನ್ನು ನಮ್ಮ ಪೇಟೆಗಳಲ್ಲಿ ಎಷ್ಟು ಜನ ಕೇಳಿದ್ದಾರೆ ಎಂಬುದೇ ಸಂಕಟ.

ಎರಡನೆಯದು ಕಳ್ಳತನದ ವಿಮೆ. ಮೇಲೆ ಹೇಳಿದ ಪಾಲಿಸಿಯಲ್ಲಿ ಬೆಂಕಿ ಅಥವಾ ಪ್ರವಾಹದಂತಹ ಘಟನೆಯ ನಂತರ ಏಳು ದಿನದೊಳಗೆ ಆದ ಕಳ್ಳತನಕ್ಕೆ ಮಾತ್ರ ಪರಿಹಾರವಿದೆ. ರಾತ್ರಿ ಶಟರ್ ಮುರಿದು ಕಳವು ಮಾಡಿದರೆ ಅದಕ್ಕೆ ಬೇರೆಯೇ ಪಾಲಿಸಿ ಬೇಕು. ಬ್ಯಾಂಕಿಗೆ ಕಟ್ಟಲು ಒಯ್ಯುವ ನಗದಿಗೂ, ತಿಜೋರಿಯಲ್ಲಿಟ್ಟ ನಗದಿಗೂ ಹಣದ ವಿಮೆ ಎಂದು ಪ್ರತ್ಯೇಕವಾಗಿದೆ. ಪತ್ತಿನ ಸಹಕಾರಿ ಸಂಘಗಳು, ಪಿಗ್ಮಿ ಸಂಗ್ರಹಿಸುವವರು ಇದನ್ನು ಮಾಡಿಸಲೇಬೇಕು. ನೌಕರನೇ ಹಣ ನುಂಗಿದರೆ ಅದಕ್ಕೆ ನಿಷ್ಠೆಯ ಖಾತರಿ ವಿಮೆ ಇದೆ.

ಮೂರನೆಯದು ಯಂತ್ರದ ವಿಮೆ. ಹಳ್ಳಿಯ ವಿದ್ಯುತ್ತಿನ ಏರಿಳಿತ ಗೊತ್ತಿರುವುದೇ. ಗಿರಣಿಯ ಮೋಟಾರು ಸುಟ್ಟರೆ, ಅದು ವಿದ್ಯುತ್ ದೋಷದಿಂದ ಆ ಯಂತ್ರಕ್ಕೇ ಆದ ಹಾನಿ ಎಂದು ಬೆಂಕಿಯ ಪಾಲಿಸಿ ಪರಿಹಾರ ಕೊಡುವುದಿಲ್ಲ. ಬೆಂಕಿ ಅಲ್ಲಿಂದ ಹಬ್ಬಿ ಉಳಿದುದನ್ನು ಸುಟ್ಟರೆ ಆ ಉಳಿದುದಕ್ಕೆ ಸಿಗುತ್ತದೆ. ಮೋಟಾರಿಗೆ ಯಂತ್ರ ಕೆಡುವಿಕೆಯ ವಿಮೆ ಬೇರೆ ಬೇಕು. ಬೇಕರಿಯ ಫ್ರಿಜ್ಜು, ಝೆರಾಕ್ಸ್ ಮಷಿನು, ಕಂಪ್ಯೂಟರು ಇಟ್ಟವರೂ ಇದನ್ನು ವಿಚಾರಿಸಬೇಕು.

ನಾಲ್ಕನೆಯದು ಕೆಲಸಗಾರರ ವಿಮೆ. ಇಲ್ಲಿ ನಮ್ಮ ವ್ಯಾಪಾರಿಗಳ ನಿರ್ಲಕ್ಷ್ಯ ಕ್ಷಮಿಸುವಂಥದ್ದಲ್ಲ. ಗಿರಣಿಯಲ್ಲೋ ವೆಲ್ಡಿಂಗ್ ಶೆಡ್ಡಿನಲ್ಲೋ ಕೆಲಸ ಮಾಡುವಾಗ ಹುಡುಗನೊಬ್ಬ ಸತ್ತರೆ ಮಾಲೀಕನ ತಪ್ಪಿರಲಿ ಬಿಡಲಿ, ಪರಿಹಾರ ಕೊಡುವುದು ಮಾಲೀಕನ ಹೊಣೆ. 1923ರ ಕಾಯ್ದೆಯಿಂದ ಬಂದ ಈ ತತ್ವ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಲೆಕ್ಕ ಸರಳ. ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಅಂಕೆಯಿಂದ ಗುಣಿಸಬೇಕು. 25 ವರ್ಷದ ಹುಡುಗನಿಗೆ 12,000 ರೂಪಾಯಿ ಸಂಬಳವಿದ್ದರೆ 6,000ವನ್ನು 216.91ರಿಂದ ಗುಣಿಸಿ: 13,01,460 ರೂಪಾಯಿ. ವಿಮೆ ಇಲ್ಲದಿದ್ದರೆ ಈ ಹಣವನ್ನು ಮಾಲೀಕ ಗಿರಣಿ ಮಾರಿ ಕೊಡಬೇಕು, ಇಲ್ಲವೇ ಸತ್ತವನ ತಾಯಿಯನ್ನು ಬರಿಗೈಯಲ್ಲಿ ಕಳಿಸಬೇಕು. ಎರಡನೆಯದೇ ಹೆಚ್ಚಾಗಿ ಆಗುತ್ತದೆ ಎಂಬುದು ನಮ್ಮೆಲ್ಲರಿಗೂ ಗೊತ್ತಿರುವ ಕಹಿ ಸತ್ಯ. ಹಿರಿಯರು ಕೂತು 'ರಾಜಿ' ಮಾಡಿಸಿ ಸಣ್ಣ ಮೊತ್ತಕ್ಕೆ ಮುಗಿಸಿಬಿಡುತ್ತಾರೆ. ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ ಇದೆ. ಅದಕ್ಕಿಂತ ಚಿಕ್ಕ ಶೆಡ್ಡುಗಳಿಗೆ ನೌಕರರ ಪರಿಹಾರದ ಪಾಲಿಸಿ ಬೇಕೇ ಬೇಕು.

ಐದನೆಯದು ವಾಹನ. ಮೂರನೇ ವ್ಯಕ್ತಿಯ ವಿಮೆಯನ್ನು 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿದೆ. ಪೊಲೀಸರ ಕಣ್ಣಿಗೆ ತೋರಿಸಲು ಅದೊಂದನ್ನು ಮಾಡಿಸಿ ಸುಮ್ಮನಾಗುವವರು ಒಂದು ಮಾತು ತಿಳಿಯಬೇಕು. ಸರಕಿನ ವಾಹನದಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯನ್ನು ಬಿಟ್ಟು ಬೇರೆ ಜನರನ್ನು ಹತ್ತಿಸಿಕೊಂಡರೆ, ಅವರ ಸಾವುನೋವಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರ ಆಶಾರಾಣಿ ಪ್ರಕರಣದಲ್ಲಿ ಹೇಳಿದೆ. ನಮ್ಮ ಭಾಗದಲ್ಲಿ ಕೂಲಿಯವರನ್ನು, ಜಾತ್ರೆಯ ಜನರನ್ನು, ಮದುವೆಯ ದಿಬ್ಬಣವನ್ನು ಸರಕಿನ ಗಾಡಿಯಲ್ಲಿ ತುಂಬಿ ಒಯ್ಯುವುದು ದಿನನಿತ್ಯದ ನೋಟ. 2023ರ ಜನವರಿಯಲ್ಲಿ ರಾಮದುರ್ಗ ತಾಲೂಕಿನ ಚುಂಚನೂರಿನ ಬಳಿ ಸವದತ್ತಿ ಯಲ್ಲಮ್ಮನ ದರ್ಶನಕ್ಕೆ ಹೊರಟ ಭಕ್ತರಿದ್ದ ಸರಕಿನ ವಾಹನ ಮರಕ್ಕೆ ಬಡಿದು ಆರು ಜನ ಪ್ರಾಣ ಕಳೆದುಕೊಂಡರು. ಇಂತಹ ದುರಂತಗಳಲ್ಲಿ ಬಡವರ ಜೀವವೂ ಹೋಗುತ್ತದೆ, ಬಡ ವಾಹನ ಮಾಲೀಕನ ಮನೆಯೂ ಹರಾಜಿಗೆ ಬರುತ್ತದೆ. ಇದಕ್ಕೆ ಪರಿಹಾರ ವಿಮೆಯಲ್ಲಿಲ್ಲ, ಹಳ್ಳಿಗೆ ಸಾಕಷ್ಟು ಬಸ್ಸು ಬಿಡುವುದರಲ್ಲಿದೆ. ಅದನ್ನೂ ಹೇಳಬೇಕಾದುದು ನಮ್ಮ ಕರ್ತವ್ಯ.

ಆರನೆಯದು ಗಿರಾಕಿಗೆ ಆಗುವ ಹಾನಿಯ ವಿಮೆ. ಖಾನಾವಳಿಯಲ್ಲಿ ಉಂಡವರಿಗೆ ವಾಂತಿ-ಭೇದಿ ಆಯಿತು, ಬೋರ್ಡು ಬಿದ್ದು ದಾರಿಹೋಕನ ತಲೆ ಒಡೆಯಿತು, ಸಿಲಿಂಡರು ಸಿಡಿದು ಪಕ್ಕದ ಅಂಗಡಿ ಸುಟ್ಟಿತು. ಇವಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ದೋಷಕ್ಕೆ ತಯಾರಕನ ಜೊತೆ ಮಾರಾಟಗಾರನನ್ನೂ ಕೆಲವು ಸಂದರ್ಭಗಳಲ್ಲಿ ಹೊಣೆ ಮಾಡಿದೆ. ಮನೆ ಬಳಕೆಯ ಸಿಲಿಂಡರನ್ನು ಖಾನಾವಳಿಯಲ್ಲಿ ಹಚ್ಚುವವರು ವಿಮಾ ಕಂಪನಿಗೆ ತಮ್ಮ ಕೈಯಾರೆ ನೆಪ ಬರೆದುಕೊಟ್ಟಂತೆ.

ಕೊನೆಯದಾಗಿ ಅಂಗಡಿಕಾರನ ಸ್ವಂತ ಜೀವ ಮತ್ತು ಆರೋಗ್ಯ. ಅವನು ಮಲಗಿದರೆ ಅಂಗಡಿಯೂ ಮಲಗುತ್ತದೆ. 2015ರಲ್ಲಿ ಬಂದ ಎರಡು ಯೋಜನೆಗಳಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ 2 ಲಕ್ಷದ ಜೀವವಿಮೆ ಬ್ಯಾಂಕ್ ಖಾತೆಯ ಮೂಲಕವೇ ಸಿಗುತ್ತದೆ. ಇಷ್ಟನ್ನಾದರೂ ಇಂದೇ ಮಾಡಿಸಬಹುದು.

ವಿಮೆ ಮುಟ್ಟದ ನಷ್ಟಗಳು

ಇಷ್ಟೆಲ್ಲ ಇದ್ದರೂ ಹಳ್ಳಿಯ ಪೇಟೆಯ ಕೆಲವು ದೊಡ್ಡ ನಷ್ಟಗಳನ್ನು ಈ ವಿಮೆಗಳು ಮುಟ್ಟುವುದೇ ಇಲ್ಲ.

ಒಂದು, ಉದ್ರಿ. ಕಿರಾಣಿ ಅಂಗಡಿಯ ನಿಜವಾದ ಬಂಡವಾಳ ಕಪಾಟಿನಲ್ಲಿ ಇರುವುದಕ್ಕಿಂತ ಉದ್ರಿ ಪುಸ್ತಕದಲ್ಲೇ ಹೆಚ್ಚು ಇರುತ್ತದೆ. ಆ ಪುಸ್ತಕ ಸುಟ್ಟರೆ ಸರಕಿಗೆ ಪರಿಹಾರ ಬರಬಹುದು, ಬಾಕಿಗೆ ಬರುವುದಿಲ್ಲ. ಆಮೇಲೆ ಕೊಡುವವನ ಪ್ರಾಮಾಣಿಕತೆಯೇ ವಿಮೆ.

ಎರಡು, ಸರಕು ಸುಡದೆಯೇ ವ್ಯಾಪಾರ ನಿಲ್ಲುವುದು. 2020ರ ಲಾಕ್‌ಡೌನಿನಲ್ಲಿ ಅಗತ್ಯ ವಸ್ತುಗಳ ಅಂಗಡಿ ಬಿಟ್ಟು ದೇಶದ ಉಳಿದ ಅಂಗಡಿಗಳು ಮುಚ್ಚಿದವು. ವ್ಯಾಪಾರ ನಿಂತ ನಷ್ಟಕ್ಕೆ ವಿಮೆ ಮಾಡಿಸಿದ್ದವರಿಗೂ, ಆಸ್ತಿಗೆ ಭೌತಿಕ ಹಾನಿ ಆಗಿಲ್ಲ ಎಂಬ ಷರತ್ತು ಅಡ್ಡ ಬಂತು. 2022ರಲ್ಲಿ ರಾಜ್ಯದ ಹಲವೆಡೆ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಬಾರದೆಂಬ ಕೂಗು ಎದ್ದಿತು. ಆ ವರ್ಷದ ಏಪ್ರಿಲ್ 9ರಂದು ಧಾರವಾಡದ ನುಗ್ಗಿಕೇರಿ ಹನುಮಂತನ ಗುಡಿಯ ಬಳಿ ಬಡ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ಗುಂಪೊಂದು ನೆಲಕ್ಕೆ ಬಡಿದು ಒಡೆದು ಹಾಕಿತು. ದುರುದ್ದೇಶದ ಹಾನಿಗೆ ವಿಮೆ ಇದೆ ಎಂದು ಮೇಲೆ ಹೇಳಿದೆವು. ಆದರೆ ಬಂಡಿಯ ಮೇಲೆ ಹಣ್ಣಿಟ್ಟು ಮಾರುವವನಿಗೆ ಪಾಲಿಸಿ ಕೊಡುವವರು ಯಾರು? ಬಹಿಷ್ಕಾರಕ್ಕಂತೂ ಜಗತ್ತಿನಲ್ಲಿ ಯಾವ ಕಂಪನಿಯೂ ಪಾಲಿಸಿ ಬರೆಯುವುದಿಲ್ಲ. ಅದಕ್ಕೆ ಇರುವ ವಿಮೆ ಕಾನೂನು ಮತ್ತು ನೆರೆಯವರ ನ್ಯಾಯಪ್ರಜ್ಞೆ. ನುಗ್ಗಿಕೇರಿಯ ಘಟನೆಯ ನಂತರ ಆ ವ್ಯಾಪಾರಿಗೆ ನೆರವಾಗಲು ಮುಂದೆ ಬಂದವರಲ್ಲಿ ಎಲ್ಲ ಧರ್ಮದವರೂ ಇದ್ದರು ಎಂಬುದನ್ನು ನಾವು ಮರೆತಿಲ್ಲ.

ಮೂರು, ಸಂತೆಯ ವ್ಯಾಪಾರಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಸಾಲ, ವಿಮೆ ಮುಂತಾದ ಸೌಲಭ್ಯಗಳನ್ನು ಸರ್ಕಾರ ಒದಗಿಸಬಹುದು ಎಂದಿದೆ. ಆದರೆ ಆ ಕಾಯ್ದೆ ನಗರದ ಬೀದಿಗಳಿಗೆ ಮಾತ್ರ. ನೇಸರಗಿಯಂತಹ ಗ್ರಾಮ ಪಂಚಾಯಿತಿಯ ಸಂತೆಯಲ್ಲಿ ಗೋಣಿ ಹಾಸಿ ಕೂರುವ ಹೆಣ್ಣುಮಗಳು ಆ ಕಾಯ್ದೆಯ ಕಣ್ಣಿಗೆ ಕಾಣುವುದಿಲ್ಲ.

ಸರ್ಕಾರದ ಲೆಕ್ಕದಲ್ಲಿ ಅಂಗಡಿ ಇಲ್ಲ

ನೇಸರಗಿಯ ಉತ್ತರಕ್ಕೆ ಮಾರ್ಕಂಡೇಯ, ದಕ್ಷಿಣಕ್ಕೆ ಮಲಪ್ರಭಾ. 2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯ ನದಿಗಳೆಲ್ಲ ಉಕ್ಕಿ ಹರಿದವು. ಮಲಪ್ರಭೆಯ ನೀರು ರಾಮದುರ್ಗ ಪಟ್ಟಣಕ್ಕೆ ನುಗ್ಗಿತು, ನೇಕಾರರ ಮಗ್ಗಗಳು ನೀರಿನಲ್ಲಿ ನಿಂತವು. ಘಟಪ್ರಭೆಯ ನೀರು ಗೋಕಾಕದ ಪೇಟೆಗೆ ನುಗ್ಗಿತು. ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಅದು ಒಳ್ಳೆಯ ನಿರ್ಧಾರ. ಆದರೆ ಅಂಗಡಿ?

ಕೇಂದ್ರದ ವಿಪತ್ತು ಪರಿಹಾರ ನಿಧಿಯ ಮಾನದಂಡದ ಪಟ್ಟಿಯನ್ನು ತೆರೆದು ನೋಡಿ. ಅದರಲ್ಲಿ ಬೆಳೆ ಇದೆ, ಜಾನುವಾರು ಇದೆ, ಮೀನುಗಾರರ ದೋಣಿ ಇದೆ, ಮನೆ ಇದೆ. ಕೈಮಗ್ಗ ಮತ್ತು ಕರಕುಶಲದವರಿಗೆ ಉಪಕರಣದ ಬಾಬ್ತಿಗೆ ಆಗ ಇದ್ದುದು 4,100 ರೂಪಾಯಿ. 2022ರ ನಂತರ ಅದು 5,000 ಆಯಿತು. ಒಂದು ಮಗ್ಗದ ಬೆಲೆ ಬಲ್ಲವರು ಈ ಅಂಕೆ ನೋಡಿ ನಗಬೇಕೋ ಅಳಬೇಕೋ ಹೇಳಲಿ. ಅಂಗಡಿ, ದಾಸ್ತಾನು ಎಂಬ ಬಾಬ್ತಂತೂ ಆ ಪಟ್ಟಿಯಲ್ಲೇ ಇಲ್ಲ.

2016ರಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟಬೇಕಾದುದು ವಿಮಾ ಮೊತ್ತದ ಶೇ. 2 ಮಾತ್ರ. ಉಳಿದ ಕಂತನ್ನು ಕೇಂದ್ರ, ರಾಜ್ಯ ಸರ್ಕಾರಗಳು ತುಂಬುತ್ತವೆ. ರೈತನ ಅಪಾಯ ಸಮಾಜದ ಅಪಾಯ ಎಂಬ ತತ್ವವನ್ನು ಸರ್ಕಾರ ಒಪ್ಪಿಕೊಂಡಿದೆ ಎಂದಾಯಿತು. ಅದೇ ಮಳೆಯನ್ನು ನಂಬಿ, ಅದೇ ರೈತನಿಗೆ ಉದ್ರಿ ಕೊಟ್ಟು ಕೂತ ಅಂಗಡಿಕಾರನ ಅಪಾಯ ಯಾರದು? ರೈತನಿಗೆ ಕೊಟ್ಟಿದ್ದನ್ನು ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಅದೇ ತತ್ವವನ್ನು ಪೇಟೆಯವರೆಗೂ ತನ್ನಿ ಎನ್ನುತ್ತಿದ್ದೇವೆ.

ತೆರಿಗೆಯ ವಿಪರ್ಯಾಸವನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯವಿಮೆಗಳ ಮೇಲಿನ ಜಿಎಸ್‌ಟಿಯನ್ನು ತೆಗೆದುಹಾಕಲಾಯಿತು. ಅಂಗಡಿಯ ಬೆಂಕಿ ವಿಮೆಗೆ ಶೇ. 18 ಹಾಗೆಯೇ ಉಳಿಯಿತು. ದೊಡ್ಡ ಕಂಪನಿ ತಾನು ಕಟ್ಟಿದ ಈ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಹಿಂದಕ್ಕೆ ಪಡೆಯುತ್ತದೆ. ರಾಜಿ ತೆರಿಗೆಯಲ್ಲಿರುವ ಅಥವಾ ನೋಂದಣಿಯೇ ಇಲ್ಲದ ಸಣ್ಣ ಅಂಗಡಿಕಾರನಿಗೆ ಆ ದಾರಿ ಇಲ್ಲ. ಅಂದರೆ ವಿಮೆಯ ತೆರಿಗೆಯ ಭಾರ ಬಲವಿಲ್ಲದವನ ಹೆಗಲ ಮೇಲೇ ಬೀಳುತ್ತದೆ. ವಿದೇಶಿ ಬಂಡವಾಳದ ಮಿತಿಯನ್ನು 2000ದ ಶೇ. 26ರಿಂದ 49, 74 ಎಂದು ಏರಿಸುತ್ತ ಬಂದು 2025ರ ಡಿಸೆಂಬರಿನಲ್ಲಿ ಶೇ. 100ಕ್ಕೆ ಬಾಗಿಲು ತೆರೆದ ಸಂಸತ್ತು, ಈ 18ನ್ನು ಇಳಿಸುವ ಬಗ್ಗೆಯೂ ಒಂದು ದಿನ ಚರ್ಚಿಸಬಾರದೇ?

ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಸರ್ಕಾರಿ ವಿಮಾ ವ್ಯವಸ್ಥೆಯನ್ನು 1891ರಲ್ಲೇ ಆರಂಭಿಸಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರದೇ ಮುಂದುವರಿಕೆ. ತನ್ನ ನೌಕರರ ವಿಷಯದಲ್ಲಿ ಅಷ್ಟು ಮುಂಚೆ ಎಚ್ಚೆತ್ತ ಆಡಳಿತಕ್ಕೆ ತೆರಿಗೆ ಕಟ್ಟುವ ಅಂಗಡಿಕಾರ ಇನ್ನೂ ಯಾಕೆ ಕಾಣುತ್ತಿಲ್ಲ?

ಕಂಪನಿ ಇಲ್ಲ ಎಂದರೆ ಮುಗಿಯಿತೇ?

ಪರಿಹಾರ ತಿರಸ್ಕಾರವಾದಾಗ ನಮ್ಮವರು ಹಣೆ ಚಚ್ಚಿಕೊಂಡು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗದ ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರ ಕತೆಯನ್ನು ಇಲ್ಲಿ ಹೇಳಬೇಕು. ಅವರು ತಮ್ಮ ಮೆಣಸಿನಕಾಯಿಯನ್ನು ಶೀತಲ ಗೃಹವೊಂದರಲ್ಲಿ ಇಟ್ಟು, ಅದರ ಮೇಲೆ ಕೆನರಾ ಬ್ಯಾಂಕಿನಿಂದ ಸಾಲ ಪಡೆದಿದ್ದರು. 2014ರ ಜನವರಿಯಲ್ಲಿ ಶೀತಲ ಗೃಹ ಸುಟ್ಟುಹೋಯಿತು. ಪಾಲಿಸಿ ಇದ್ದುದು ಶೀತಲ ಗೃಹದವರ ಹೆಸರಿನಲ್ಲಿ, ರೈತರಿಗೂ ತನಗೂ ಒಪ್ಪಂದವಿಲ್ಲ ಎಂದು ವಿಮಾ ಕಂಪನಿ ವಾದಿಸಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2020ರ ಫೆಬ್ರವರಿಯಲ್ಲಿ ನ್ಯಾಯಾಲಯ, ರೈತರು ಈ ವಿಮೆಯ ಫಲಾನುಭವಿಗಳು, ಗ್ರಾಹಕರೂ ಹೌದು, ಕಂಪನಿ ಹಣ ಕೊಡಬೇಕು ಎಂದು ತೀರ್ಪು ನೀಡಿತು. ಆರು ವರ್ಷ ಹಿಡಿಯಿತು ಎಂಬುದು ವ್ಯವಸ್ಥೆಗೆ ನಾಚಿಕೆ. ಆದರೂ ಗೆದ್ದರು.

ನ್ಯಾಯಾಲಯಕ್ಕೆ ಹೋಗುವ ಮೊದಲೂ ದಾರಿಗಳಿವೆ. ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. 2017ರ ನಿಯಮಗಳ ಪ್ರಕಾರ ಒಬ್ಬನೇ ಮಾಲೀಕನಿರುವ ಅಂಗಡಿ, ಸೂಕ್ಷ್ಮ ಉದ್ಯಮಗಳ ದೂರನ್ನೂ ಅಲ್ಲಿ ಕೇಳುತ್ತಾರೆ. 50 ಲಕ್ಷ ರೂಪಾಯಿವರೆಗಿನ ತಕರಾರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಬೆಳಗಾವಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ದಾಖಲೆ ಸಾಲದು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಪ್ರಾಧಿಕಾರವೇ 2024ರಲ್ಲಿ ಕಂಪನಿಗಳಿಗೆ ಆದೇಶಿಸಿದೆ. ಹಾಗೆಂದು ನಾವು ಅಲಕ್ಷ್ಯ ಮಾಡಬಾರದು. ಖರೀದಿ ರಸೀದಿಗಳ ಒಂದು ಪ್ರತಿ ಮನೆಯಲ್ಲಿರಲಿ, ತಿಂಗಳಿಗೊಮ್ಮೆ ದಾಸ್ತಾನಿನ ಚಿತ್ರ ಮೊಬೈಲಿನಲ್ಲಿರಲಿ. ಅನಾಹುತವಾದರೆ ಅದೇ ದಿನ ಕಂಪನಿಗೂ ಪೊಲೀಸರಿಗೂ ತಿಳಿಸಬೇಕು. ಸರ್ವೇಯರ್ ಬಂದು ನೋಡುವವರೆಗೆ ಸುಟ್ಟ ಸರಕನ್ನು ಎತ್ತಿ ಹಾಕಬಾರದು.

ನಮ್ಮವರಿಗೆ ಒಂದು ಮಾತು

ವಿಮೆಯ ವಿಷಯ ಬಂದಾಗ ಮುಸ್ಲಿಂ ವ್ಯಾಪಾರಿಗಳಲ್ಲಿ ಕೆಲವರು ಬಡ್ಡಿ, ಜೂಜು, ಅನಿಶ್ಚಿತತೆಗಳ ಪ್ರಶ್ನೆ ಎತ್ತುತ್ತಾರೆ. ಅದು ಲಘುವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. 1985ರಲ್ಲಿ ಜಿದ್ದಾದಲ್ಲಿ ಸೇರಿದ ಇಸ್ಲಾಮೀ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ. ಆದರೆ ಅದೇ ಸಭೆ ಪರಸ್ಪರ ಸಹಕಾರದ ವಿಮೆಯನ್ನು ಒಪ್ಪಿತು ಎಂಬ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಮಲೇಷ್ಯಾ 1984ರಲ್ಲೇ ತಕಾಫುಲ್ ಕಾಯ್ದೆ ಮಾಡಿತ್ತು. ಭಾರತದ ಫಿಕ್ಹ್ ಅಕಾಡೆಮಿಯ ವಿದ್ವಾಂಸರು 1990ರ ದಶಕದ ಆರಂಭದಲ್ಲಿ, ಗಲಭೆಗಳಲ್ಲಿ ಪ್ರಾಣ ಮತ್ತು ಆಸ್ತಿ ಅಪಾಯದಲ್ಲಿರುವ ಈ ದೇಶದ ಪರಿಸ್ಥಿತಿಯನ್ನು ಗಮನಿಸಿ ವಿಮೆಗೆ ಅವಕಾಶವಿದೆ ಎಂದರು. ಆದ್ದರಿಂದ ಸಂದೇಹವಿದ್ದವರು ತಾವು ನಂಬುವ ಉಲಮಾಗಳನ್ನು ಕೇಳಲಿ, ಕೇಳಿ ನಿರ್ಧರಿಸಲಿ. ಆದರೆ ಬಡ್ಡಿಗೆ ಸಾಲ ತರುವಾಗ ನೆನಪಾಗದ ಧರ್ಮ ಕೆಲಸದ ಹುಡುಗನಿಗೆ ವಿಮೆ ಮಾಡಿಸುವಾಗ ಮಾತ್ರ ನೆನಪಾದರೆ ಅದನ್ನು ಧರ್ಮಭೀತಿ ಎನ್ನಲಾಗದು. ಮೊದಲ ಕಾಲದ ಮದೀನಾದಲ್ಲಿ, ಅಚಾತುರ್ಯದಿಂದ ಆದ ಕೊಲೆಯ ಪರಿಹಾರಧನವನ್ನು ಕುಲದವರೆಲ್ಲ ಪಾಲು ಹಾಕಿ ಕಟ್ಟುವ 'ಆಕಿಲಾ' ಪದ್ಧತಿ ಇತ್ತು. ಒಬ್ಬನ ಮೇಲೆ ಬಿದ್ದ ಭಾರವನ್ನು ಎಲ್ಲರೂ ಹೊರುವುದು ನಮಗೆ ಹೊಸ ಪಾಠವೇನೂ ಅಲ್ಲ.

ಈ ನೆಲಕ್ಕೂ ಅದು ಹೊಸದಲ್ಲ. ಇಲ್ಲಿಂದ ಬಹಳ ದೂರವೇನಲ್ಲದ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಸಹಕಾರ ಸಂಘಗಳಲ್ಲೊಂದು ಹುಟ್ಟಿತು. 2003ರಲ್ಲಿ ಅದೇ ಸಹಕಾರ ಸಂಘಗಳ ಬಲದ ಮೇಲೆ ಕರ್ನಾಟಕ 'ಯಶಸ್ವಿನಿ' ಕಟ್ಟಿತು. ರೈತ ಸದಸ್ಯ ವರ್ಷಕ್ಕೆ 60 ರೂಪಾಯಿ ಕೊಟ್ಟ, ಸರ್ಕಾರ ತನ್ನ ಪಾಲು ಹಾಕಿತು, ಆ ಹಣದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗಳೂ ನಡೆದವು. ಯಾವ ವಿಮಾ ಕಂಪನಿಯೂ ಅಪಾಯದ ಹೊಣೆ ಹೊತ್ತಿರಲಿಲ್ಲ, ಒಂದು ಟ್ರಸ್ಟು ಅದನ್ನು ನಡೆಸಿತು. 2018ರಲ್ಲಿ ನಿಲ್ಲಿಸಲಾದ ಈ ಯೋಜನೆಯನ್ನು ಜನರ ಒತ್ತಾಯದಿಂದ 2022-23ರಲ್ಲಿ ಮತ್ತೆ ಆರಂಭಿಸಬೇಕಾಯಿತು.

ರೋಗಕ್ಕೆ ಯಶಸ್ವಿನಿ ಸಾಧ್ಯವಾದರೆ ಬೆಂಕಿಗೆ, ನೆರೆಗೆ, ಕೆಲಸಗಾರನ ಸಾವಿಗೆ ಯಾಕೆ ಸಾಧ್ಯವಿಲ್ಲ? ನಾಲ್ಕು ಜನ ಕೂಡಿ ವಿಮೆ ಎಂದು ಮಾರಲು ಕಾನೂನು ಬಿಡುವುದಿಲ್ಲ. ಅದಕ್ಕೆ ಪರವಾನಗಿ ಬೇಕು, ಕೋಟಿಗಟ್ಟಲೆ ಬಂಡವಾಳ ಬೇಕು. ಆದ್ದರಿಂದಲೇ ಮುಂದಾಗಬೇಕಾದುದು ಸರ್ಕಾರ. ಪತ್ತಿನ ಸಹಕಾರಿ ಸಂಘಗಳ ಮೂಲಕ ಅಂಗಡಿಕಾರ, ಗಿರಣಿಯವ, ನೇಕಾರ, ಸಂತೆಯ ಹೆಣ್ಣುಮಗಳು ವರ್ಷಕ್ಕೆ ತಮ್ಮ ಪಾಲು ಹಾಕಲಿ, ಸರ್ಕಾರ ತನ್ನ ಪಾಲು ಸೇರಿಸಲಿ, ಷರತ್ತುಗಳು ಕನ್ನಡದಲ್ಲಿರಲಿ. ವಾಣಿಜ್ಯ ವಿಮೆಯ ಬಗ್ಗೆ ಸಂದೇಹವಿರುವವರ ಅಳುಕಿಗೂ ಇದು ಬಹುಮಟ್ಟಿಗೆ ಉತ್ತರವಾಗುತ್ತದೆ. ಸೂಕ್ಷ್ಮ ಉದ್ಯಮದ ವಿಮೆಯ ಮೇಲಿನ ಶೇ. 18 ತೆರಿಗೆ ಹೋಗಲಿ. ವಿಪತ್ತು ಪರಿಹಾರದ ಪಟ್ಟಿಯಲ್ಲಿ ಅಂಗಡಿಗೂ ಒಂದು ಸಾಲು ಬರಲಿ. ಸಾಲ ಕೊಡುವ ಪ್ರತಿ ಬ್ಯಾಂಕು ಪಾಲಿಸಿಯ ಪ್ರತಿಯನ್ನು ಸಾಲಗಾರನ ಕೈಗೆ ಕೊಟ್ಟು ಸಹಿ ಪಡೆಯಲಿ. ಶಾಸಕರು ಬೆಂಕಿ ಬಿದ್ದ ಅಂಗಡಿಯ ಮುಂದೆ ನಿಲ್ಲುವುದಕ್ಕಿಂತ ಮೊದಲು ಇವನ್ನು ಸದನದಲ್ಲಿ ಕೇಳಲಿ.

ಸರ್ಕಾರ ಎಚ್ಚರಗೊಳ್ಳುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಅನಾಹುತವಾದ ಮೇಲೆ ನಮ್ಮ ಸಂಘಗಳು, ಮಠಗಳು, ಜಮಾಅತುಗಳು ಉದಾರವಾಗಿ ಚಂದಾ ಎತ್ತುತ್ತವೆ. ಆ ಔದಾರ್ಯದ ಒಂದು ಪಾಲನ್ನು ಮೊದಲೇ ತೋರಿಸಬಾರದೇ? ಪ್ರತಿ ಪೇಟೆಯಲ್ಲಿ ವ್ಯಾಪಾರಿಗಳ ಸಂಘವೊಂದು ವರ್ಷಕ್ಕೊಮ್ಮೆ, ಬಲ್ಲವರೊಬ್ಬರನ್ನು ಕರೆಸಿ, ಎಲ್ಲ ಅಂಗಡಿಗಳ ಪಾಲಿಸಿಗಳನ್ನು ಹೊರಗೆ ತೆಗೆಸಿ ಓದಿಸಲಿ. ವಿಳಾಸ ಸರಿಯಿದೆಯೇ, ಮೊತ್ತ ಸಾಕೇ, ಕೆಲಸದ ಹುಡುಗನ ಹೆಸರಿದೆಯೇ, ಕಂತು ಕಟ್ಟುವ ದಿನ ಮೀರಿದೆಯೇ ಎಂದು ನೋಡಲಿ. ಕಟ್ಟಲಾಗದ ಬಡವನ ಕಂತನ್ನು ಸಂಘವೇ ಕಟ್ಟಲಿ. ಸುಟ್ಟ ಅಂಗಡಿಗೆ ಎತ್ತುವ ಚಂದಾಕ್ಕಿಂತ ಇದು ಕಡಿಮೆ ಹಣದಲ್ಲಿ ಆಗುತ್ತದೆ, ಮತ್ತು ಕೈ ಚಾಚುವ ಅವಮಾನವಿಲ್ಲದೆ ಆಗುತ್ತದೆ.